ಡೆಕ್ಕನಿ ಕುರಿಯ ಕಚ್ಚಾ ಉಣ್ಣೆ: ತೊಳೆದರೂ ಮರಳು, ನೂಲಿದರೆ ಗಂಟು. ಎಲ್ಲಿ ತಪ್ಪಿದೆ?

ನೂಲೆಳೆ:
ನಮಸ್ಕಾರ. ಚಳ್ಳಕೆರೆ ಕಡೆಯ ಎರಡು ಕಿಲೋ ಕಪ್ಪು ಉಣ್ಣೆ ಇದೆ. ಕತ್ತರಿಸಿದ್ದನ್ನು ಹಾಗೇ ಗೋಣಿಚೀಲಕ್ಕೆ ತುಂಬಿದ್ದು, ಏನೂ ಶುಚಿ ಮಾಡಿಲ್ಲ. ಮನೆಯಲ್ಲೇ ಹದ ಮಾಡಿ ಕೈಯಲ್ಲಿ ನೂಲಬೇಕು, ಹವ್ಯಾಸಕ್ಕೆ ಅಷ್ಟೇ, ಮಾರಾಟಕ್ಕಲ್ಲ.

ಉಣ್ಣೆ ತೊಳೆಯುವ ಒಂದು ವೀಡಿಯೊದಲ್ಲಿ ಹೇಳಿದಂತೆ 200 ಗ್ರಾಂ ತೆಗೆದುಕೊಂಡು, 65 ಡಿಗ್ರಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಧಾರಾಳವಾಗಿ ಹಾಕಿ ಮೂರು ಸಲ ತೊಳೆದೆ. ಆದದ್ದು ಇಷ್ಟು. ಒಣಗಿದ ಮೇಲೆ ಉಣ್ಣೆ ಒಣಹುಲ್ಲಿನ ಹಾಗೆ ಗರಗರ. ಬಾಚಿದರೆ ಈಗಲೂ ಮರಳು ಉದುರುತ್ತದೆ. ಬಕೆಟ್ಟಿನ ಅಡಿಯಲ್ಲಿದ್ದ ಉಣ್ಣೆ ಹಪ್ಪಳದಂತೆ ಗಟ್ಟಿಯಾಗಿದೆ. ಉಳಿದದ್ದನ್ನು ಹತ್ತಿ ಬಾಚುವ ಹಣಿಗೆಯಿಂದ ಹಂಜಿ (ನೂಲಲು ಸುತ್ತಿದ ಸುರುಳಿ) ಮಾಡಿ ತಕಲಿಯಲ್ಲಿ (ಕೈಯಲ್ಲಿ ತಿರುಗಿಸುವ ಕದಿರು) ನೂಲಿದರೆ ಗೇಣಿಗೊಂದು ಗಂಟು, ಮೊಳಕ್ಕೊಂದು ತುಂಡು.

ಇನ್ನೂ 1800 ಗ್ರಾಂ ಉಳಿದಿದೆ. ಅದನ್ನೂ ಹಾಳು ಮಾಡುವ ಮುಂಚೆ ಕೇಳೋಣ ಅಂತ.

ಕದಿರುಮನೆ:
ನೀವು ನೋಡಿದ್ದು ಮೆರಿನೊ, ಅಂದರೆ ತೆಳು ಎಳೆಯ ಮೆತ್ತನೆ ಉಣ್ಣೆ ಕೊಡುವ ತಳಿಯ, ಉಣ್ಣೆ ತೊಳೆಯುವ ವಿಧಾನ. ಕೈಯಲ್ಲಿರುವುದು ಡೆಕ್ಕನಿ. ಎರಡರ ಕೊಳೆಯೇ ಬೇರೆ, ಹಾಗಾಗಿ ತೊಳೆಯುವುದೂ ಬೇರೆ.

ಮೆರಿನೊದ ಕಚ್ಚಾ ತೂಕದಲ್ಲಿ ಶೇ. 10ರಿಂದ 25ರಷ್ಟು ಬರೀ ಜಿಡ್ಡು. ಆ ಜಿಡ್ಡು ಸುಮಾರು 40 ಡಿಗ್ರಿಗೆ ಕರಗುತ್ತದೆ, ನೀರು ಆರಿದರೆ ತಿರುಗಿ ಎಳೆಗೇ ಮೆತ್ತಿಕೊಳ್ಳುತ್ತದೆ. ಅದಕ್ಕೇ ಅವರು 60–65 ಡಿಗ್ರಿ ನೀರು, ಅಷ್ಟೊಂದು ಸೋಪು ಹಾಕುವುದು. ಡೆಕ್ಕನಿಯಲ್ಲಿ ಜಿಡ್ಡು ಬಹಳ ಕಡಿಮೆ. ಒಂದು ಚಿಟಿಕೆ ಉಣ್ಣೆಯನ್ನು ಬೆರಳ ನಡುವೆ ಹೊಸಕಿ ನೋಡಿ: ಬೆರಳಿಗೆ ಎಣ್ಣೆ ಹತ್ತುವುದಿಲ್ಲ, ಧೂಳು ಹತ್ತುತ್ತದೆ. ಇದರಲ್ಲಿರುವುದು ಬೆವರಿನ ಉಪ್ಪು, ಮಣ್ಣು, ಮರಳು, ಮುಳ್ಳು. ಉಪ್ಪು ತಣ್ಣೀರಿಗೇ ಬಿಡುತ್ತದೆ. ಮರಳು ಯಾವ ಸೋಪಿಗೂ ಕರಗುವುದಿಲ್ಲ, ಅದನ್ನು ಒಣಗಿದ್ದಾಗಲೇ ಉದುರಿಸಬೇಕು. ನೀವು ಇದ್ದ ಚೂರುಪಾರು ಜಿಡ್ಡನ್ನು ಮೂರು ಸಲ ಕಿತ್ತು ತೆಗೆದಿರಿ, ಮರಳನ್ನು ಒದ್ದೆ ಮಾಡಿ ಒಳಗೇ ಬಿಟ್ಟಿರಿ. ಗರಗರ ಆಗದೆ ಇನ್ನೇನಾಗುತ್ತದೆ?

ಉಳಿದ 1800 ಗ್ರಾಂಗೆ ಹೀಗೆ ಮಾಡಿ. ಮೊದಲು ಹಳೇ ಬೆಡ್‌ಶೀಟ್ ಮೇಲೆ ಹರವಿ ವಿಂಗಡಿಸಿ. ಮೆರಿನೊ ತುಪ್ಪಟ ಕತ್ತರಿಸಿದ ಮೇಲೂ ಒಂದೇ ಹೊದಿಕೆಯಂತೆ ನಿಲ್ಲುತ್ತದೆ, ಡೆಕ್ಕನಿ ಕುಚ್ಚು ಕುಚ್ಚಾಗಿ ಬಿಡಿಬಿಡಿಯಾಗಿ ಬರುತ್ತದೆ. ಹಾಗಾಗಿ ಹಿಡಿ ಹಿಡಿಯಾಗಿಯೇ ನೋಡಬೇಕು. ಹಿಕ್ಕೆ ಅಂಟಿದ್ದು, ಹೊಟ್ಟೆಯದು, ಕಾಲಿನದು ನೇರ ಗೊಬ್ಬರದ ಗುಂಡಿಗೆ. ತೊಡೆಯ ಉಣ್ಣೆ ಒರಟು, ಅದನ್ನು ಬೇರೆ ಇಡಿ. ಬೆನ್ನು ಮತ್ತು ಭುಜದ ಉಣ್ಣೆ ನೂಲಲು ಒಳ್ಳೆಯದು. ಯಾವುದು ಯಾವ ಭಾಗದ್ದು ಅಂತ ಗೊತ್ತಾಗದಿದ್ದರೆ ಮುಟ್ಟಿ, ಉದ್ದ ಅಳೆದು ಗುಂಪು ಮಾಡಿ. ಎರಡು–ಮೂರು ಇಂಚು ಇದ್ದದ್ದು ಇರಲಿ. ಅರ್ಧ ಇಂಚಿನ ಪುಡಿ ತುಂಡುಗಳು ಸಿಗುತ್ತವಲ್ಲ, ಅವು ಒಂದೇ ಜಾಗದಲ್ಲಿ ಎರಡು ಸಲ ಕತ್ತರಿ ಆಡಿಸಿದ್ದರಿಂದ ಬಂದವು. ನಿಮ್ಮ ನೂಲಿನ ಗಂಟುಗಳಲ್ಲಿ ಅರ್ಧ ಈ ಪುಡಿಯ ಕೆಲಸವೇ. ಕುಚ್ಚನ್ನು ಮೇಲಿಂದ ಹಿಡಿದು ಒದರಿದರೆ ಬಹುಪಾಲು ಬೀಳುತ್ತವೆ.

ಇಲ್ಲೇ ಬಲವನ್ನೂ ಪರೀಕ್ಷಿಸಿ. ಪೆನ್ಸಿಲ್‌ನಷ್ಟು ದಪ್ಪದ ಕುಚ್ಚಿನ ಎರಡೂ ತುದಿ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು ಥಟ್ಟನೆ ಎಳೆಯಿರಿ. ತಂತಿ ಮೀಟಿದಂತೆ ಟಣ್ ಎಂದರೆ ಗಟ್ಟಿ. ಚರಚರ ಎಂದರೆ ಎಳೆ ನಡುವೆಯೇ ಹರಿಯುತ್ತಿದೆ ಎಂದರ್ಥ. ಮೇವಿಲ್ಲದ ದಿನಗಳಲ್ಲಿ ಅಥವಾ ಕಾಯಿಲೆ ಬಿದ್ದಾಗ ಬೆಳೆದ ಭಾಗ ತೆಳ್ಳಗಾಗಿರುತ್ತದೆ. ಅಂಥದ್ದನ್ನು ಎಷ್ಟು ಚೆನ್ನಾಗಿ ತೊಳೆದರೂ ನೂಲಿಗೆ ಬಾರದು, ದಿಂಬಿಗೆ ತುಂಬಿ.

ವಿಂಗಡಿಸಿ, ಒಣಗಿದ್ದಾಗಲೇ ಝಾಡಿಸಿದ ಮೇಲೆ ನೀರು. 500 ಗ್ರಾಂಗೆ 20 ಲೀಟರ್. ಬಟ್ಟೆ ತೊಳೆಯುವ ಜಾಲರಿ ಚೀಲದಲ್ಲಿ ಸಡಿಲವಾಗಿ ತುಂಬಿ ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿಡಿ. ಈರುಳ್ಳಿ ಚೀಲ ಬೇಡ, ಅದರ ಪ್ಲಾಸ್ಟಿಕ್ ಎಳೆ ಬಿಚ್ಚಿ ಉಣ್ಣೆಯಲ್ಲಿ ಸೇರಿದರೆ ನೂಲುವ ತನಕ ಕಾಡುತ್ತದೆ. ಬೆಳಿಗ್ಗೆ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಅದರಲ್ಲಿ ಪೊಟ್ಯಾಷ್ ಇರುವುದರಿಂದ ತೆಂಗಿನ ಬುಡಕ್ಕೆ ಹಾಕಿ. ಬಚ್ಚಲಿಗೆ ಚೆಲ್ಲಿದರೆ ಮರಳು ಪೈಪಿನಲ್ಲಿ ಕೂರುತ್ತದೆ. ನೀರು ತಿಳಿಯಾಗುವವರೆಗೆ ಇನ್ನೆರಡು ಸಲ ತಣ್ಣೀರು.

ಆಮೇಲೆ ಒಂದೇ ಒಂದು ಬಿಸಿನೀರು, 50 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಪಾಲು ಕುದಿಯುವ ನೀರಿಗೆ ಎರಡು ಪಾಲು ನಲ್ಲಿ ನೀರು ಬೆರೆಸಿ, ಹೆಚ್ಚುಕಡಿಮೆ 50 ಬರುತ್ತದೆ. ಸಮಪಾಲು ಬೆರೆಸಿದರೆ 60ರ ಆಸುಪಾಸು, ಅದು ಮೆರಿನೊಗೆ ಇರಲಿ. 20 ಲೀಟರಿಗೆ ಲಿಕ್ವಿಡ್ ನಾಲ್ಕು ಟೀ ಚಮಚ. ನೀರು ಮತ್ತು ಲಿಕ್ವಿಡ್ ಬೆರೆಸಿದ ಮೇಲೆಯೇ ಉಣ್ಣೆ ಇಳಿಸಬೇಕು. ಉಣ್ಣೆಯ ಮೇಲೆ ನೀರು ಸುರಿಯಬಾರದು, ಕಲಕಬಾರದು, ಹಿಂಡಬಾರದು. 20 ನಿಮಿಷ ಬಿಟ್ಟು ಚೀಲವನ್ನು ಎತ್ತಿ ಸೋರಲು ಬಿಡಿ. ಜಾಲಿಸುವ ಮೊದಲ ನೀರೂ ಅಷ್ಟೇ ಬಿಸಿ ಇರಲಿ. ಪ್ರತಿ ಎಳೆಯ ಮೇಲೂ ಮೀನಿನಂತೆ ಹುರುಪೆ ಇದೆ. ಬಿಸಿನೀರಿನಲ್ಲಿ ಅದು ತೆರೆದುಕೊಂಡಿರುವಾಗ ಅಲುಗಾಡಿಸಿದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಫೆಲ್ಟ್ ಆಗುತ್ತದೆ. ನಿಮ್ಮ ಹಪ್ಪಳ ಅದೇ. ಅದನ್ನು ಬಿಡಿಸಲು ಹೋಗಬೇಡಿ, ಬಿಸಿ ಪಾತ್ರೆ ಇಡುವ ಮಣೆಯ ಅಳತೆಗೆ ಕತ್ತರಿಸಿಕೊಳ್ಳಿ.

ನೀರು ತೆಗೆಯಲು ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಸ್ಪಿನ್ ಡಬ್ಬಕ್ಕಿಂತ ಒಳ್ಳೆಯ ಸಾಧನ ಇಲ್ಲ. ಚೀಲದ ಸಮೇತ ಎರಡು ನಿಮಿಷ. ಪೂರ್ತಿ ಆಟೊಮ್ಯಾಟಿಕ್ ಆದರೆ ಸ್ಪಿನ್ ನಡುವೆ ನೀರು ಚಿಮುಕಿಸುವ ಪ್ರೋಗ್ರಾಂ ಬೇಡ. ನೆರಳಿನಲ್ಲಿ ಜಾಲರಿಯ ಮೇಲೆ ಒಣಗಿಸಿ.

ದಂಡಿ ಹುಡುಗ:
ಕದಿರುಮನೆಯವ್ರು ಎಲ್ಲಾ ಬಿಡಿಸಿ ಹೇಳ್ಯಾರ, ಆದ್ರ ಝಾಡಸೂದನ್ನ ಒಂದ ಮಾತಿನ್ಯಾಗ ಮುಗಿಸಿಬಿಟ್ಟಾರ. ಅರ್ಧಾ ಕೆಲಸ ಇರೂದs ಅಲ್ಲಿ ನೋಡ್ರಿ.

ಹಳೇ ಪದ್ಧತಿ ಏನಂದ್ರ, ಉಣ್ಣಿ ತೊಳಿಯೂದಲ್ಲ, ಕುರಿ ತೊಳಿಯೂದು. ಕತ್ತರಿ ಹಾಕೂಕಿಂತ ಒಂದೆರಡ ದಿನಾ ಮೊದಲ ಹಳ್ಳಕ್ಕೋ ಕೆರಿಗೋ ಇಳಿಸಿ ಮೈ ತಿಕ್ಕಿ, ಪೂರಾ ಒಣಗಿದ ಮ್ಯಾಲ ಕತ್ತರಸ್ತಾರ. ನಿಮಗ ಸಿಕ್ಕಿದ್ದು ಮೈ ತೊಳೀದ ಕುರಿದು ಅನಸ್ತದ. ಮುಂದಿನ ಸಲ ಕೊಳ್ಳೂವಾಗ ಎರಡ ಮಾತ ಕೇಳ್ರಿ: ಕುರಿ ತೊಳದಿದ್ರೇನು, ಮರೀದೋ ದೊಡ್ಡ ಕುರೀದೋ. ಮರಿಗೆ ಮೊದಲನೇ ಸಲ ಕತ್ತರಿ ಹಾಕಿದ ಉಣ್ಣಿ ಎಲ್ಲಕ್ಕಿಂತ ಮೆತ್ತಗ. ಮತ್ತ ಬನ್ನೂರು ಕುರೀದು ಅಂತ ಯಾರರೆ ಕೊಟ್ರ ಬ್ಯಾಡ ಅನ್ರಿ, ಅದು ಮಾಂಸದ ತಳಿ, ಮೈಮ್ಯಾಲ ಇರೂದು ಕೂದಲಾ, ನೂಲಿಗೆ ಬರೂದಿಲ್ಲ.

ಝಾಡಸಾಕ ಹೊರಸಿನ ಮ್ಯಾಲ ಅರ್ಧ ಇಂಚಿನ ತಂತಿ ಜಾಳಗಿ ಹಾಸ್ರಿ. ಒಂದ ಸಲಕ್ಕ ಕಾಲ ಕಿಲೋ ಉಣ್ಣಿ ತೆಳ್ಳಗ ಹರವಿ, ಎರಡೂ ಕೈಯಾಗ ತೆಳ್ಳನ ಬಿದಿರ ಕಡ್ಡಿ ಹಿಡದು ಬಡೀರಿ. ಜೋರ ಬ್ಯಾಡ, ಒಂದೇ ಸಮ ಇರಲಿ. ಐದ ನಿಮಿಷಕ್ಕ ಮಗಚಿ ಹಾಕಿ ಮತ್ತ ಐದ ನಿಮಿಷ. ಕೆಳಗ ಹಾಸಿದ ಪೇಪರಿನ ಮ್ಯಾಲ ಮರಳ ಬೀಳೂದು ನಿಲ್ಲೂತನಕ ನೀರಿನ ಹೆಸರ ಎತ್ತಬ್ಯಾಡ್ರಿ. ಮೂಗಿಗೆ ಮಾಸ್ಕ್ ಹಾಕ್ಕೊಳ್ರಿ, ಬಯಲಾಗ ಮಾಡ್ರಿ, ಗಾಳಿಗೆ ಬೆನ್ನ ಕೊಟ್ಟ ನಿಂದರ್ರಿ.

ಮುಳ್ಳಿನ ಮಾತು. ಉತ್ತರಾಣಿ ಕಾಳು, ನೆಗ್ಗಿಲಮುಳ್ಳು ಎರಡನ್ನೂ ಹಣಿಗಿ ಮುಟ್ಟೂಕಿಂತ ಮೊದಲs ಕೈಲೆ ಆರಸ್ರಿ. ನೆಗ್ಗಿಲಕಾಯಿ ಹಲ್ಲಿಗೆ ಸಿಕ್ರ ಒಡದು ಐದ ಹೋಳ ಆಗ್ತದ, ಒಂದ ಮುಳ್ಳ ಹೋಗಿ ಐದಾಗಿ ಕೂಡ್ತದ, ಹಲ್ಲೂ ಸೊಟ್ಟ ಆಗ್ತದ. ಉದ್ದನ ಹುಲ್ಲಿನ ಕಡ್ಡಿಗೆ ಅಷ್ಟ ತಲಿ ಕೆಡಿಸ್ಕೋಬ್ಯಾಡ್ರಿ, ಹಿಂಜೂವಾಗ ತಾವs ಉದರ್ತಾವ.

ಇನ್ನ ಬಿಲ್ಲು. ಹತ್ತಿ ಹಿಂಜೂ ಬಿಲ್ಲಿನಂಥಾದ್ದು ಸಿಕ್ರ ಉಣ್ಣಿಗೂ ನಡೀತದ. ಗುಂಪಿಗೆ ಹೆದೆ ಮುಟ್ಟಿಸಿ ಮೀಟಿದ್ರ ಎಳಿ ಮ್ಯಾಲ ಹಾರ್ತದ, ಮರಳ ಕೆಳಗ ಬೀಳ್ತದ. ನಡೂಕ ಬ್ಯಾಡ, ಗುಂಪಿನ ಅಂಚಿಗಷ್ಟ ಮುಟ್ಟಸ್ರಿ, ಇಲ್ಲಂದ್ರ ಹೆದೀಗೆ ಸುತ್ಕೋತದ. ಹಾಸಿಗಿ ಅಂಗಡಿ ಹತ್ತಿ ಮಷೀನಿಗೆ ಮಾತ್ರ ಕೊಡಬ್ಯಾಡ್ರಿ. ಉಣ್ಣಿ ತುಂಡಾಗ್ತದ, ಒಳಗಿನ ಹಳೇ ಹತ್ತಿ ಕೂಡಿ ಬರ್ತದ.

ಅಂಟುವಾಳ:
ಪಾತ್ರೆ ಲಿಕ್ವಿಡ್ ಯಾಕೆ? ಜಿಡ್ಡು ಕಡಿಮೆ ಇರುವ ಉಣ್ಣೆಗೆ ಅಂಟುವಾಳ ಕಾಯಿಯೇ ಸಾಕು. ಅರ್ಧ ಕಿಲೋ ಉಣ್ಣೆಗೆ ಬೀಜ ತೆಗೆದ ಸಿಪ್ಪೆ 100 ಗ್ರಾಂ. ಎರಡು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ 20 ಲೀಟರ್ ಬೆಚ್ಚಗಿನ ನೀರಿಗೆ ಬೆರೆಸಿ. ಸೋಸುವುದನ್ನು ತಪ್ಪಿಸಬೇಡಿ, ಸಿಪ್ಪೆಯ ಚೂರು ಉಣ್ಣೆಗೆ ಸೇರಿದರೆ ಮುಳ್ಳಿಗಿಂತ ಕಡೆ. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಬೋರ್‌ವೆಲ್ ನೀರಿನವರಿಗೆ ಇದು ಇನ್ನೂ ಮುಖ್ಯ. ಗಡಸು ನೀರಿನಲ್ಲಿ ಬಾರ್ ಸೋಪು ಬಳಸಿದರೆ ಸುಣ್ಣ ಸೇರಿ ಬಿಳಿ ಗಸಿಯಾಗಿ ಎಳೆಗೆ ಅಂಟುತ್ತದೆ, ಜಾಲಿಸಿದಷ್ಟೂ ಅಂಟಂಟು. ಅಂಟುವಾಳಕ್ಕೆ ಆ ಕಾಟ ಇಲ್ಲ. ವಾಷಿಂಗ್ ಸೋಡಾ, ಬ್ಲೀಚಿಂಗ್ ಪೌಡರ್ ಎರಡೂ ಬೇಡ. ಬ್ಲೀಚ್ ಉಣ್ಣೆಯನ್ನು ಅಕ್ಷರಶಃ ಕರಗಿಸುತ್ತದೆ.

ಕದಿರುಮನೆ:
ಡೆಕ್ಕನಿಗೆ ಒಪ್ಪಿದೆ. ಆದರೆ ಅಂಟುವಾಳ ಬಿಳಿ ಉಣ್ಣೆಗೆ ಸ್ವಲ್ಪ ಹಳದಿ ಛಾಯೆ ಬಿಡುತ್ತದೆ, ಕಪ್ಪಿಗೆ ಚಿಂತೆ ಇಲ್ಲ. ಜಿಡ್ಡಿನ ಉಣ್ಣೆಗೆ ಅದರಿಂದಾಗದು, ಅಲ್ಲಿ ಲಿಕ್ವಿಡ್ಡೇ ಬೇಕು. ಬಟ್ಟೆಯ ಪೌಡರ್‌ಗಳ ಬಗ್ಗೆಯೂ ಒಂದು ಎಚ್ಚರಿಕೆ: ಕಲೆ ತೆಗೆಯಲು ಕಿಣ್ವ (ಎನ್‌ಜೈಮ್) ಹಾಕಿದ ಪೌಡರ್ ಉಣ್ಣೆಗೆ ಬೇಡ. ಉಣ್ಣೆಯೇ ಪ್ರೋಟೀನು, ಕಲೆಯ ಜೊತೆ ಅದನ್ನೂ ತಿನ್ನುತ್ತದೆ.

ಡನೀಡಿನ್ ಕನ್ನಡಿಗ:
ತೊಳೆಯುವುದಾಯಿತು, ಹಂಜಿಯ ಕಡೆ ಬರೋಣ. ಹತ್ತಿಯ ಹಣಿಗೆ ಇದಕ್ಕೆ ಆಗುವುದಿಲ್ಲ. ಅದರ ಹಲ್ಲು ಸಣ್ಣ, ಒತ್ತೊತ್ತು, ಚದರ ಇಂಚಿಗೆ 100ಕ್ಕೂ ಮೇಲೆ. ಮೆರಿನೊ ಎಳೆ 24 ಮೈಕ್ರಾನ್‌ಗಿಂತ ತೆಳು. ಡೆಕ್ಕನಿ ಸಾಮಾನ್ಯವಾಗಿ 35ಕ್ಕಿಂತ ದಪ್ಪ. ಇಷ್ಟು ದಪ್ಪದ ಎಳೆಯನ್ನು ಹತ್ತಿಯ ಹಲ್ಲಿನಲ್ಲಿ ಎಳೆದರೆ ಒಂದೋ ಹಲ್ಲು ಬಾಗಬೇಕು, ಇಲ್ಲ ಎಳೆ ತುಂಡಾಗಬೇಕು. ತುಂಡಾದದ್ದೇ ಸುರುಳಿ ಸುತ್ತಿಕೊಂಡು ಗಂಟಾಗುತ್ತದೆ. ಚದರ ಇಂಚಿಗೆ 72 ಅಥವಾ ಅದಕ್ಕಿಂತ ಕಡಿಮೆ ಹಲ್ಲಿನ ಉಣ್ಣೆ ಹಣಿಗೆ ಬೇಕು. ಸಿಗದಿದ್ದರೆ ನಾಯಿಯ ಕೂದಲು ಬಾಚುವ, ಬಾಗಿದ ತಂತಿ ಹಲ್ಲಿನ ಬ್ರಷ್ ಎರಡು ತೆಗೆದುಕೊಳ್ಳಿ. ಕೆಲಸ ನಿಧಾನ, ಆದರೆ ಹಂಜಿ ಚೆನ್ನಾಗಿಯೇ ಬರುತ್ತದೆ.

ಹಣಿಗೆ ಹಿಡಿಯುವ ಮೊದಲು ಕೈಯಲ್ಲಿ ಹಿಂಜಿ. ಕುಚ್ಚಿನ ತುದಿ ಮಣ್ಣಿನಿಂದ ಅಂಟಿಕೊಂಡಿರುತ್ತದೆ, ಮೊದಲು ಅದನ್ನು ಬಿಡಿಸಿ, ಆಮೇಲೆ ಅಡ್ಡಕ್ಕೆ ಎಳೆದು ಮೋಡದಂತೆ ಮಾಡಿ. ಆಗ ಕಾಣುವ ಸೀಮೆಸುಣ್ಣದಂಥ ಬಿಳಿ, ಗಿಡ್ಡ, ಮುರುಕು ಕೂದಲನ್ನು ಕಿತ್ತುಹಾಕಿ. ಅದು ಬಣ್ಣ ಹೀರುವುದಿಲ್ಲ, ತಿರುಪು ಹಿಡಿಯುವುದಿಲ್ಲ, ನೂಲಿನಿಂದ ಹೊರಗೆ ಚುಚ್ಚುತ್ತಲೇ ಇರುತ್ತದೆ. ಎಲ್ಲವನ್ನೂ ಆರಿಸಲಾಗದು, ಹಣಿಗೆಯಲ್ಲಿ ಇನ್ನಷ್ಟು ಉದುರುತ್ತದೆ.

ಒಂದು ಸಲಕ್ಕೆ ಹಣಿಗೆಗೆ ಐದು ಗ್ರಾಂ ಸಾಕು, ಹಲ್ಲು ಕಾಣುವಷ್ಟು ತೆಳ್ಳಗೆ. ಎರಡು ಹಣಿಗೆಯ ಹಲ್ಲು ಒಂದರೊಳಗೊಂದು ಇಳಿಯಬಾರದು, ತುದಿಯಷ್ಟೇ ಸವರಬೇಕು. ಹಲ್ಲಿಗೆ ಹಲ್ಲು ತಾಗಿ ಕರಕರ ಸದ್ದು ಬಂದರೆ ಒತ್ತಡ ಹೆಚ್ಚಾಗಿದೆ. ಮೂರು ನಾಲ್ಕು ಸಲ ಆಚೆಗೀಚೆಗೆ ವರ್ಗಾಯಿಸಿದರೆ ಮುಗಿಯಿತು. ಇನ್ನೂ ನುಣುಪಾಗಲಿ ಎಂದು ಹತ್ತು ಸಲ ಬಾಚಿದರೆ ಹೊಸ ಗಂಟು ಹುಟ್ಟುತ್ತವೆ. ಕೊನೆಗೆ ಪೆನ್ಸಿಲ್ಲಿಗೆ ಸುತ್ತಿ ಎಳೆದರೆ ಹಂಜಿ ತಯಾರು.

ಗರಗರ ಹೋಗಲು ಎಣ್ಣೆ. 100 ಗ್ರಾಂ ಉಣ್ಣೆಗೆ ಕಡಲೆಕಾಯಿ ಎಣ್ಣೆ 3 ಮಿ.ಲೀ., ಬೆಚ್ಚಗಿನ ನೀರು 12 ಮಿ.ಲೀ., ಲಿಕ್ವಿಡ್ ಒಂದು ಹನಿ. ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಹಿಂಜಿದ ಉಣ್ಣೆಗೆ ಸಿಂಪಡಿಸಿ, ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಗಟ್ಟಿಯಾಗುವುದರಿಂದ ಬೆಂಗಳೂರಿನ ಡಿಸೆಂಬರಿಗೆ ಹೊಂದುವುದಿಲ್ಲ. ಅಗಸೆ ಎಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಒಣಗಿ ಅಂಟಾಗುತ್ತದೆ, ಎಣ್ಣೆ ಹಚ್ಚಿ ರಾಶಿ ಹಾಕಿದ ಉಣ್ಣೆ ತಾನಾಗಿ ಬಿಸಿಯೇರಿ ಬೆಂಕಿ ಹತ್ತುವ ಅಪಾಯವೂ ಇದೆ. ಎಣ್ಣೆ ಹಾಕಿದ್ದನ್ನು ಒಂದೆರಡು ವಾರದೊಳಗೆ ನೂಲಿ ತೊಳೆಯಿರಿ, ತಡವಾದರೆ ಕಮಟು ವಾಸನೆ.

ತಕಲಿಯೂ ಬದಲಾಗಬೇಕು. ಹತ್ತಿಯ ತಕಲಿ ಹಗುರ, ಗಿರ್ರನೆ ತಿರುಗಿ ಬೇಗ ನಿಲ್ಲುತ್ತದೆ. ಈ ದಪ್ಪ ಎಳೆಗೆ 40–60 ಗ್ರಾಂ ತೂಕದ, ಅಗಲ ಬಿಲ್ಲೆಯ, ನಿಧಾನವಾಗಿ ಹೆಚ್ಚು ಹೊತ್ತು ತಿರುಗುವ ಕದಿರು ಬೇಕು. ಪೆಟ್ಟಿಗೆ ಚರಕದ ಕದಿರಿನ ವೇಗವೂ ಇದಕ್ಕೆ ಅತಿಯಾಗುತ್ತದೆ. ತೆಳ್ಳಗೆ ನೂಲುವ ಆಸೆ ಬಿಡಿ. ದಪ್ಪ ಎಳೆಯನ್ನು ಸಣ್ಣಗೆ ನೂಲಿದರೆ ನೂಲಿನ ಅಡ್ಡಕೊಯ್ತದಲ್ಲಿ ಏಳೆಂಟು ಎಳೆ ಮಾತ್ರ ಉಳಿಯುತ್ತವೆ, ಹಿಡಿತವೇ ಇರುವುದಿಲ್ಲ.

ನೂಲೆಳೆ:
ಎಲ್ಲರಿಗೂ ವಂದನೆ. 100 ಗ್ರಾಂ ಬೇರೆ ತೆಗೆದು ಮಾಡಿದೆ. ಬಡಿದ ಮೇಲೆ 84 ಗ್ರಾಂ, ತೊಳೆದು ಒಣಗಿದ ಮೇಲೆ 73. ಅಂಟುವಾಳ ಬಳಸಿದೆ. ಹಪ್ಪಳ ಆಗಲಿಲ್ಲ, ಮರಳು ಹೆಚ್ಚುಕಡಿಮೆ ಇಲ್ಲ. ನಾಯಿ ಬ್ರಷ್‌ನಲ್ಲಿ ಹಂಜಿ ಸರಿಯಾಗಿ ಬರುತ್ತಿದೆ, ಗಂಟು ಅಪರೂಪ. ಆದರೆ ನೂಲು ಈಗಲೂ ತುಂಡಾಗುತ್ತಿದೆ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರಲ್ಲ, ನೂಲುವ ಮೊದಲೇ ಅದನ್ನು ಉಣ್ಣೆಗೆ ಸವರಿದರೆ?

ದಂಡಿ ಹುಡುಗ:
ಬ್ಯಾಡ್ರಿ ಬ್ಯಾಡ. ಹುಣಸಿ ಬೀಜದ ಗಂಜಿ ನೂತ ಮ್ಯಾಲ, ಮಗ್ಗಕ್ಕ ಏರಸೂ ಹಾಸಿನ ನೂಲಿಗೆ ಅಷ್ಟ. ನೇಯುವಾಗ ತಿಕ್ಕಾಟಕ್ಕ ಎಳಿ ಏಳಬಾರದು ಅಂತ ಹಾಕ್ತಾರ. ಹಂಜಿಗೆ ಹಚ್ಚಿದ್ರ ಎಳಿ ಜಾರೂದs ಇಲ್ಲ, ನೂಲೂದು ಹ್ಯಾಂಗ?

ತುಂಡಾದ ತುದಿ ನೋಡ್ರಿ ಮೊದಲ. ಚೂಪಾಗಿ, ಇಲಿ ಬಾಲದಂಗ ಸಣ್ಣ ಆಗಿದ್ರ ಎಳಿ ಜಾರಿ ಬಿಟ್ಟಾವ, ತಿರುಪು ಸಾಲಲಿಲ್ಲ ಅಂತ. ಮೊಂಡಾಗಿ, ಕುಂಚದಂಗ ಇದ್ರ ಎಳಿನ ಹರದಾವ, ಉಣ್ಣಿ ದುರ್ಬಲ.

ನೂಲೆಳೆ:
ಇಲಿ ಬಾಲವೇ.

ಡನೀಡಿನ್ ಕನ್ನಡಿಗ:
ಹಾಗಾದರೆ ಎರಡು ತಿದ್ದುಪಡಿ. ಎರಡು ಕೈಗಳ ನಡುವಿನ ಅಂತರ ಎಳೆಯ ಉದ್ದಕ್ಕಿಂತ ಒಂದು ಇಂಚು ಮಾತ್ರ ಹೆಚ್ಚಿರಲಿ. ನಿಮ್ಮದು ಎರಡು–ಮೂರು ಇಂಚಿನ ಉಣ್ಣೆ, ಹಾಗಾಗಿ ಮೂರು–ನಾಲ್ಕು ಇಂಚು. ಅರ್ಧ ಅಡಿ ಎಳೆದರೆ ನಡುವೆ ಹಿಡಿದುಕೊಳ್ಳುವ ಎಳೆಯೇ ಇರುವುದಿಲ್ಲ. ಎರಡನೆಯದು, ಕದಿರಿಗೆ ಸುತ್ತುವ ಮೊದಲು ಪರೀಕ್ಷಿಸಿ: ಆಗ ತಾನೇ ನೂತ ಒಂದು ಅಡಿಯನ್ನು ಸಡಿಲ ಬಿಟ್ಟು ಮಡಚಿದರೆ ಅದು ತಾನಾಗಿ ಹುರಿಗೊಳ್ಳಬೇಕು. ಸುಮ್ಮನೆ ಜೋತುಬಿದ್ದರೆ ಇನ್ನೊಮ್ಮೆ ಕದಿರು ತಿರುಗಿಸಿ.

ಅಂಟುವಾಳ:
ಉಳಿದ ಉಣ್ಣೆಯ ವಿಷಯ ಯಾರೂ ಹೇಳಲಿಲ್ಲ. ಗೋಣಿಚೀಲದಲ್ಲಿ ಹಾಗೇ ಬಿಟ್ಟರೆ ನುಸಿ ಹಿಡಿಯುತ್ತದೆ. ಕೊಳೆ ಉಣ್ಣೆಯೇ ಅದಕ್ಕೆ ಇಷ್ಟ. ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಡೀಪ್ ಫ್ರೀಜರ್ ಇದ್ದರೆ ಮೈನಸ್ 18ರಲ್ಲಿ ಒಂದು ವಾರ ಇಡಿ. ಹೊರ ತೆಗೆದ ಮೇಲೆ ಚೀಲದ ಮೇಲಿನ ಪಸೆ ಆರುವ ತನಕ ಬಿಚ್ಚಬೇಡಿ. ಬೇವಿನ ಸೊಪ್ಪು ಇಟ್ಟರೆ ಸಾಕು ಅನ್ನುವವರಿದ್ದಾರೆ, ಒಳಗೆ ಆಗಲೇ ಮೊಟ್ಟೆ ಇದ್ದರೆ ಬೇವು ಏನೂ ಮಾಡದು.

ಇನ್ನೊಂದು, ಸತ್ತ ಕುರಿಯ ಉಣ್ಣೆ ಪುಕ್ಕಟೆ ಕೊಟ್ಟರೂ ಬೇಡ. ನೆರಡಿ ರೋಗದ (ಆಂಥ್ರಾಕ್ಸ್) ಬೀಜಾಣು ಉಣ್ಣೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಹತ್ತುತ್ತದೆ, ನಾವು ಮಾಡುವ ತೊಳೆತಕ್ಕೆ ಸಾಯುವುದಿಲ್ಲ. ಉಣ್ಣೆಯಲ್ಲಿ ರಕ್ತ ಹೀರುವ ಉಣ್ಣಿ ಹುಳುವೂ ಇರುತ್ತದೆ, ಅದಕ್ಕೆ ಹೊಡೆದ ಔಷಧಿಯೂ ಇರುತ್ತದೆ. ಕತ್ತರಿಸುವ ಮೊದಲು ಕುರಿಗೆ ಔಷಧಿ ಯಾವಾಗ ಹಾಕಿದ್ದರು ಎಂದು ಕೇಳಿ, ವಿಂಗಡಿಸುವಾಗ ಕೈಗವಸು ಇರಲಿ. ಹಾಗೆ ಔಷಧಿ ಹಾಕಿದ್ದರೆ ಮೊದಲ ನೆನೆಸಿದ ನೀರನ್ನು ತೆಂಗಿಗೂ ಹಾಕಬೇಡಿ, ಕೆರೆಗೂ ಬಿಡಬೇಡಿ.

ನೂಲೆಳೆ:
ಕೇಳಿ ನೋಡುತ್ತೇನೆ. ಕೊನೆಯ ಪ್ರಶ್ನೆ: ಈ ನೂಲಿನಿಂದ ಸ್ವೆಟರ್ ಆಗುತ್ತದೆಯೇ?

ಕದಿರುಮನೆ:
ಮೈಗೆ ಚುಚ್ಚುತ್ತದೆ. ಕೂರುವ ಚಾಪೆ, ಹೆಗಲಚೀಲ, ಕಾಲೊರಸು ಇವಕ್ಕೆ ಇದಕ್ಕಿಂತ ಬಾಳಿಕೆಯ ನೂಲು ಸಿಗದು. ಮೈಗೆ ತಾಗುವ ಬಟ್ಟೆಯೇ ಬೇಕಿದ್ದರೆ ನೀಲಗಿರಿ ತಳಿಯ ಅಥವಾ ಕೊಡೈಕೆನಾಲ್ ಬಳಿಯ ಮನ್ನವನೂರಿನ ಕುರಿ ಸಂಶೋಧನಾ ಕೇಂದ್ರದಲ್ಲಿ ಸಾಕುವ ಭಾರತ್ ಮೆರಿನೊದಂಥ ಉಣ್ಣೆ ಹುಡುಕಿ. ಅದು ಸಿಕ್ಕ ದಿನ ನಿಮ್ಮ 65 ಡಿಗ್ರಿಯ ವೀಡಿಯೊ ಕೆಲಸಕ್ಕೆ ಬರುತ್ತದೆ.